ಕಳಸಗಿತ್ತಿಗೆ ಸೀರೆ ತೆಗೆದ ದಿನ

ಅಕ್ಕನ ಮದುವೆಗೆ ಜವಳಿ ತೆಗೆಯಲು ಹೊರಟ ಬೆಳಿಗ್ಗೆ ಅಮ್ಮ ನನ್ನನ್ನು ಬಾಗಿಲಲ್ಲಿ ತಡೆದು ಎರಡೂ ತೋಳುಗಳನ್ನು ಜಗ್ಗಿ ನೋಡಿದಳು. ನನ್ನ ತೋಳನ್ನಲ್ಲ, ಚೂಡಿದಾರದ ತೋಳನ್ನು. ಮಣಿಕಟ್ಟಿನಲ್ಲಿ ಗುಂಡಿ ಬರುವಂತೆ ಹೇಳಿ ಹೊಲಿಸಿದ್ದು ಅದು. ಗುಂಡಿ ಬಿಗಿಯಾಗಿದೆಯಾ, ಕೈ ಎತ್ತಿದರೆ ಬಟ್ಟೆ ಮೇಲೆ ಸರಿಯುತ್ತದಾ ಅಂತ ಪರೀಕ್ಷೆಯ ಕೋಣೆಗೆ ಬಿಡುವ ಮುಂಚೆ ಚೀಟಿ ಹುಡುಕುವ ಮೇಷ್ಟರ ಹಾಗೆ ನೋಡಿದಳು.

"ಅಂಗ್ಡೀಲಿ ಮ್ಯಾಲಿಂದ ಏನಾದ್ರೂ ಇಳಿಸ್ಬೇಕು ಅಂದ್ರೆ ನೀನು ಕೈ ಚಾಚ್ಬೇಡ. ಅಂಗ್ಡಿಯವ್ರು ಇಳಿಸ್ತಾರೆ. ಕೈ ತೊಳೆಯೋಕೆ ಎಲ್ರ ಜೊತೆ ಓಗ್ಬೇಡ. ಎಲ್ಲಾರ್ದೂ ಆದ್ಮೇಲೆ ಓಗು."

"ಕೈ ಕತ್ತರಿಸಿ ಮನೇಲೇ ಇಟ್ಬುಟ್ಟು ಬರ್ಲಾ?" ಅಂದೆ.

ಅಮ್ಮ ನಗಲಿಲ್ಲ. ಒಳಗೆ ಕನ್ನಡಿ ಮುಂದೆ ಸೆರಗಿಗೆ ಪಿನ್ನು ಹಾಕುತ್ತಿದ್ದ ಅಕ್ಕ ತಿರುಗಿಯೂ ನೋಡದೆ ಹೇಳಿದಳು: "ಒಂದ್ ದಿನ ಕಣೇ. ಇದೊಂದ್ ದಿನ ಸುಮ್ನಿದ್ಬುಡು." ಮದುವೆ ಮಾತು ಗಟ್ಟಿಯಾದ ಒಪ್ಪಂದದ ದಿನವೂ ಇದನ್ನೇ ಹೇಳಿದ್ದಳು. ಹೆಣ್ಣು ನೋಡಲು ಬಂದ ದಿನವೂ ಇದನ್ನೇ ಹೇಳಿದ್ದಳು.

ನನ್ನ ಎರಡೂ ಕೈಗಳ ಮೇಲೆ, ಮಣಿಕಟ್ಟಿನಿಂದ ಮೊಣಕೈ ದಾಟುವವರೆಗೆ, ಬಿಳಿ ಮಚ್ಚೆಗಳಿವೆ. ತೊನ್ನು. ಹೈಸ್ಕೂಲಿನಲ್ಲಿದ್ದಾಗ ಬಲಗೈಯಲ್ಲಿ ಕಡಲೆಬೇಳೆಯಷ್ಟು ಶುರುವಾಗಿ, ಪಿಯುಸಿ ಮುಗಿಯುವ ಹೊತ್ತಿಗೆ ಎರಡೂ ಕೈಗೆ ಹಬ್ಬಿತ್ತು. ದೇವರು ಅಮ್ಮನ ಅನುಕೂಲಕ್ಕೆ ಬೆರಳು ಮತ್ತು ಮುಖ ಬಿಟ್ಟಿದ್ದ. ಮಂಡ್ಯದ ಚರ್ಮದ ಡಾಕ್ಟರಾಯಿತು, ಮದ್ದೂರಿನಲ್ಲಿ ಸೊಪ್ಪಿನ ರಸ ಕೊಡುವ ಮುದುಕರಾಯಿತು, ಮೀನಿನ ಜೊತೆ ಮೊಸರು ತಿನ್ನಬೇಡ ಅಂದ ಪಕ್ಕದ ಮನೆಯವರ ಮಾತೂ ಆಯಿತು. ಡಾಕ್ಟರು ಸಮಾಧಾನವಾಗಿಯೇ ಹೇಳಿದ್ದರು, ಇದು ಅಂಟುರೋಗವಲ್ಲ, ನೋವಿಲ್ಲ, ಜೀವಕ್ಕೇನೂ ಅಪಾಯವಿಲ್ಲ. ಅಮ್ಮ ಎಲ್ಲ ಕೇಳಿಸಿಕೊಂಡು, "ಮದ್ವೆ ಆಗ್ತದಾ ಡಾಕ್ಟ್ರೇ?" ಅಂದಿದ್ದಳು. ಅದಕ್ಕೆ ಅವರ ಹತ್ತಿರ ಮುಲಾಮು ಇರಲಿಲ್ಲ.

ನಮ್ಮ ಮನೆಯಲ್ಲಿ ತೊನ್ನು ಅನ್ನುವ ಮಾತೇ ಇಲ್ಲ. 'ಕೈ' ಅನ್ನುತ್ತಾರೆ. "ಕೈ ಹೆಂಗದೆ?" "ಕೈಗೆ ಔಷಧಿ ಹಚ್ಚಿದೆಯಾ?" ತಮಾಷೆಯೆಂದರೆ ನಾನು ದಿನಾ ನಮ್ಮ ಗುತ್ತಲಿನಿಂದ ಭಾರತೀನಗರದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದವಳು. ಸೀಟು ಸಿಗದ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತರೆ ಅರ್ಧ ಜಿಲ್ಲೆಗೆ ನನ್ನ ಕೈ ಕಾಣುತ್ತಿತ್ತು. ಮೊದಮೊದಲು ದಿಟ್ಟಿಸಿ ನೋಡುತ್ತಿದ್ದರು. ಆಮೇಲೆ ಕಂಡಕ್ಟರು ಪಾಸು ನೋಡುವಷ್ಟೂ ನೋಡುತ್ತಿರಲಿಲ್ಲ. ಬೀದಿಯಲ್ಲಿ ತೆರೆದ ಕೈಯನ್ನು ನಾನು ಮುಚ್ಚಬೇಕಾಗಿದ್ದು ನಮ್ಮ ಮನೆಯೊಳಗೆ, ಅದೂ ನೆಂಟರು ಬಂದಾಗ.

ಅಮ್ಮನ ಭಯ ಸುಮ್ಮನೆ ಹುಟ್ಟಿದ್ದಲ್ಲ. ಅಕ್ಕನಿಗೆ ಮುಂಚೆ ಎರಡು ಕಡೆಯಿಂದ ಬಂದ ಸಂಬಂಧ, ಎಲ್ಲ ಸರಿಯಾಗಿ ಕೂಡಿಬಂದು, ಆಮೇಲೆ ಮಾತಿಲ್ಲದೆ ನಿಂತುಹೋಗಿತ್ತು. ಒಂದು ಕಡೆಯವರು ಮಧ್ಯಸ್ಥರ ಹತ್ತಿರ ಬಾಯಿಬಿಟ್ಟು ಹೇಳಿಯೂ ಇದ್ದರು: ತಂಗಿಗೆ ಇರೋದು ನಾಳೆ ಅಕ್ಕನಿಗೆ ಬರಲ್ಲ ಅಂತ ಏನು ಗ್ಯಾರಂಟಿ, ಹುಟ್ಟೋ ಮಕ್ಕಳ ಗತಿ ಏನು. ಆವತ್ತು ಅಕ್ಕ ಊಟ ಮಾಡಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅಕ್ಕನಿಗೆ ವಯಸ್ಸು ಇಪ್ಪತ್ತೊಂಬತ್ತಾಗುತ್ತಿತ್ತು. ಈ ಮಳವಳ್ಳಿಯ ಸಂಬಂಧ ಅವಳಿಗೆ ನಿಜವಾಗಿಯೂ ಇಷ್ಟವಾಗಿತ್ತು. ಹುಡುಗ ಮೇಷ್ಟರು, ಮೆಲುಮಾತಿನವರು. ಫೋನು ಬಂದರೆ ಅಕ್ಕ ಮಹಡಿಗೆ ಓಡುತ್ತಿದ್ದಳು. ಇದೂ ಮುರಿದರೆ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಾಗದು ಅಂತ ನಮಗೆ ಮೂವರಿಗೂ ಗೊತ್ತಿತ್ತು.

ಹಾಗಿದ್ದರೆ ನನ್ನನ್ನು ಎಲ್ಲಾದರೂ ಮೂಲೆಯಲ್ಲಿ ಕೂರಿಸಿ ಮದುವೆ ಮುಗಿಸಬಹುದಿತ್ತು. ಆದರೆ ನಾನು ಕಳಸಗಿತ್ತಿ. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಎಡಗಡೆ ತಂಗಿಯಾಗುವವಳೊಬ್ಬಳು ಕಳಸ ಹಿಡಿದು ನಿಲ್ಲಬೇಕು, ತಾಳಿ ಬೀಳುವವರೆಗೂ ಅಲ್ಲಾಡಬಾರದು. ಹೆಣ್ಣನ್ನು ನೋಡಿದ ಕಣ್ಣೇ ಅವಳನ್ನೂ ನೋಡುತ್ತದೆ. ಮುಂದಿನ ಮದುವೆಯ ಮಾತು ಅಲ್ಲೇ ಶುರುವಾಗುವುದೂ ಉಂಟು. ಅಮ್ಮ ಚಿಕ್ಕಪ್ಪನ ಮಗಳನ್ನು ನಿಲ್ಲಿಸುವ ಉಪಾಯದಲ್ಲಿದ್ದಳು. ಬಾಯಿ ಬಿಡುವ ಮೊದಲೇ ಒಪ್ಪಂದದ ದಿನ ಭಾವನ ತಾಯಿ ತಾಂಬೂಲ ಮೆಲ್ಲುತ್ತ, "ಸ್ವಂತ ತಂಗಿ ಮನೇಲಿರೋವಾಗ ಇನ್ಯಾರ್ನ ಉಡುಕೋದು? ಇವ್ಳೇ ಕಳಸಗಿತ್ತಿ ಬುಡಿ," ಅಂದುಬಿಟ್ಟಿದ್ದರು.

ಅಕ್ಕನ ಗೆಳತಿಯರು ಆರತಕ್ಷತೆಗೆ ಎಲ್ಲರೂ ಒಂದೇ ಬಣ್ಣದ ಸೀರೆ ಅಂತ ವಾಟ್ಸಾಪಿನಲ್ಲಿ ಗುಂಪು ಮಾಡಿಕೊಂಡು, ತಾವೇ ಜಗಳವಾಡಿ, ತಾವೇ ತರಿಸಿಕೊಂಡಿದ್ದರು. ನನಗೆ ಆ ಸ್ವಾತಂತ್ರ್ಯವೂ ಇಲ್ಲ. ಕಳಸಗಿತ್ತಿಯ ಸೀರೆ ಗಂಡಿನ ಕಡೆಯವರು ಕೊಡಿಸಬೇಕು. ನಾವೇ ತೆಗೆದುಕೊಂಡರೆ ಅವರನ್ನು ಅವಮಾನ ಮಾಡಿದ ಹಾಗೆ. ಆದ್ದರಿಂದ ಎರಡೂ ಮನೆಯ ಹೆಂಗಸರು ಒಟ್ಟಿಗೆ ಅಂಗಡಿಯಲ್ಲಿ ಕೂತು, ಅವರು ಆರಿಸಿ, ನಾವು ಒಪ್ಪಿ, ನನ್ನ ಮೈಮೇಲೆ ಹಾಕಿ ನೋಡಿ ತೆಗೆಯಬೇಕು.

ಮಂಡ್ಯದ ಪೇಟೆಯ ಆ ಅಂಗಡಿಯಲ್ಲಿ ಮದುವೆ ಸೀರೆಗೆ ಅಂತಲೇ ಮಹಡಿ ಮೇಲೆ ಬಿಳಿ ಹಾಸಿನ ಜಗುಲಿ ಇದೆ. ಭಾವನ ತಾಯಿ ಮತ್ತು ಭಾವನ ಅಕ್ಕ ನಮಗಿಂತ ಮುಂಚೆಯೇ ಮಳವಳ್ಳಿಯಿಂದ ಬಂದು ಕೂತಿದ್ದರು. ಭಾವನ ತಾಯಿ ದಪ್ಪ ಕನ್ನಡಕದ, ಕಮ್ಮಿ ಮಾತಿನ ಹೆಂಗಸು. ಸೀರೆಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ಬೇಡವಾದರೆ ಏನೂ ಹೇಳದೆ ಪಕ್ಕಕ್ಕೆ ತಳ್ಳುತ್ತಿದ್ದರು. ಬಾಯಿ ಕೆಲಸವೆಲ್ಲ ಮಗಳದು. ನನ್ನನ್ನು ನೋಡಿದ ಕೂಡಲೇ ಆಕೆ, "ಇದೇನಮ್ಮ, ಈ ಬಿಸ್ಲಲ್ಲಿ ಕೈ ಪೂರ್ತಿ ಮುಚ್ಕೊಂಡ್ ಬಂದಿದೀಯ, ಸೆಕೆ ಆಗಲ್ವಾ?" ಅಂದರು.

"ಸ್ಕೂಟ್ರಲ್ಲಿ ಓಗ್ತಾಳಲ್ಲ, ಬಿಸ್ಲಿಗೆ ಕಪ್ಪಾಗ್ತೀನಿ ಅಂತಾಳೆ," ಅಂದಳು ಅಮ್ಮ. ನಮ್ಮ ಮನೆಯಲ್ಲಿ ಸ್ಕೂಟರೇ ಇಲ್ಲ. ಸುಳ್ಳು ಅಲ್ಲಿಂದ ಶುರುವಾಯಿತು.

ಅಕ್ಕನ ಮುಹೂರ್ತದ ಸೀರೆ ಆರಿಸುವಷ್ಟರಲ್ಲಿ ಅಂಗಡಿಯ ಹುಡುಗಿ ಒಂದು ಗೋಡೆಯ ಕಪಾಟನ್ನೇ ಇಳಿಸಿದ್ದಳು. ನಾನು ಮೂಲೆಯಲ್ಲಿ ಕೈ ಕಟ್ಟಿಕೊಂಡು ಕೂತಿದ್ದೆ. ಅಕ್ಕನ ಮುಖ ನೋಡುವಂತಿತ್ತು. ಒಂದೊಂದು ಸೀರೆಗೂ ಭಾವನ ತಾಯಿಯ ಕಡೆ ನೋಡುವುದು, ಅವರ ಹುಬ್ಬು ಎತ್ತ ಹೋಗುತ್ತದೆ ಅಂತ ಕಾಯುವುದು. ನಮ್ಮ ಮನೆಯಲ್ಲಿ ದನಿಯೆತ್ತಿ ಮಾತಾಡುವ ಹುಡುಗಿ, ಅಲ್ಲಿ ಉಗುಳು ನುಂಗುವುದಕ್ಕೂ ಅನುಮತಿ ಕೇಳುವ ಹಾಗೆ ಕೂತಿದ್ದಳು. ಕೊನೆಗೆ ಕುಂಕುಮದ ಬಣ್ಣದ್ದೊಂದು ಒಪ್ಪಿಗೆಯಾಯಿತು. ಅದನ್ನು ಹೆಗಲ ಮೇಲೆ ಹಾಕಿದಾಗ ಅಕ್ಕ ಎಷ್ಟು ಚೆನ್ನಾಗಿ ಕಂಡಳೆಂದರೆ ನನ್ನ ಸಿಟ್ಟೆಲ್ಲ ಒಂದು ಗಳಿಗೆ ಕರಗಿತು.

"ಈಗ ಕಳಸಗಿತ್ತಿ ಬಾರಮ್ಮ," ಅಂದರು ಭಾವನ ಅಕ್ಕ.

ಹಳದಿ ಬಣ್ಣದ, ಹಸಿರು ಅಂಚಿನ ಸೀರೆಯೊಂದನ್ನು ಅಂಗಡಿಯ ಹುಡುಗಿ ನನ್ನ ಚೂಡಿದಾರದ ಮೇಲೇ ನೆರಿಗೆ ಹಿಡಿದು ಸುತ್ತಿದಳು. ಕನ್ನಡಿಯಲ್ಲಿ ನೋಡಿಕೊಂಡೆ. ಚೆನ್ನಾಗಿಯೂ ಇರಲಿಲ್ಲ, ಕೆಟ್ಟದಾಗಿಯೂ ಇರಲಿಲ್ಲ. ಭಾವನ ಅಕ್ಕ ತಲೆ ವಾರೆ ಮಾಡಿ ನೋಡಿ, "ಇಂಗ್ ಗೊತ್ತಾಗಲ್ಲ. ತೋಳು ಮ್ಯಾಕೆ ಮಾಡು, ಕೈಮ್ಯಾಲೆ ಅಂಚು ಇಟ್ಟು ನೋಡಣ, ಮೈಬಣ್ಣಕ್ಕೆ ಒಪ್ತದಾ ಅಂತ," ಅಂದರು.

ಎಲ್ಲರೂ ಮಾಡುವುದೇ ಅದು. ಸೀರೆ ತೆಗೆಯುವಾಗ ಬರಿಗೈ ಮೇಲೆ ಅಂಚು ಇಟ್ಟು ನೋಡದ ಹೆಂಗಸು ನಮ್ಮ ಜಿಲ್ಲೆಯಲ್ಲಿ ಇಲ್ಲ. ಆಕೆ ಆಗಲೇ ನನ್ನ ಮಣಿಕಟ್ಟಿನ ಗುಂಡಿಗೆ ಕೈ ಹಾಕಿದ್ದರು. ಅಮ್ಮ ಅರ್ಧ ಎದ್ದವಳು ಹಾಗೇ ನಿಂತಳು. ಅಷ್ಟರಲ್ಲಿ ಅಕ್ಕ ನಮ್ಮಿಬ್ಬರ ನಡುವೆ ತನ್ನ ಕೈ ಚಾಚಿದಳು.

"ನಮ್ಮಿಬ್ರದೂ ಒಂದೇ ಬಣ್ಣ ಅತ್ಗೆ. ನನ್ ಕೈಮೇಲೆ ನೋಡಿ."

ನೋಡಿದರು. ಅಕ್ಕನ ನುಣುಪು ಕೈ ಮೇಲೆ ಹಳದಿ ಚೆನ್ನಾಗಿಯೇ ಕಂಡಿತು. "ಒಪ್ತದೆ ಬುಡು, ಇದೇ ಇರ್ಲಿ," ಅಂದರು. ಅಮ್ಮ ಉಸಿರು ಬಿಟ್ಟು ಕೂತಳು. ಅಕ್ಕ ನನ್ನ ಕಡೆ ನೋಡಿ, ಬಚಾವಾದೆವು ಅನ್ನುವ ಹಾಗೆ ಕಣ್ಣು ಮಿಟುಕಿಸಿದಳು. ಅವಳು ನನ್ನನ್ನು ಕಾಪಾಡಿದಳು ಅಂತ ಬೇರೆ ಯಾರಾದರೂ ಹೇಳಿಯಾರು. ನನಗೆ ಮಾತ್ರ ಕೆನ್ನೆಗೆ ಹೊಡೆದ ಹಾಗಾಯಿತು. ನಾನು ಉಡುವ ಸೀರೆ, ನನ್ನ ಮೈಗೆ ಒಪ್ಪುತ್ತದಾ ಅಂತ ನೋಡಲು ಅವಳ ಕೈ. ನಾನಲ್ಲಿ ಸೀರೆ ಸುತ್ತಿದ ಗೂಟ.

ಅಷ್ಟಕ್ಕೇ ಮುಗಿದಿದ್ದರೆ ಮುಗಿಯುತ್ತಿತ್ತು. ಅಮ್ಮನಿಗೆ ರವಿಕೆಯ ಚಿಂತೆ ಬಂತು. ರೇಷ್ಮೆ ಸೀರೆಯ ತುದಿಯಲ್ಲಿ ರವಿಕೆಗೆ ಅಂತ ಬರುವ ತುಂಡಿನಲ್ಲಿ ಮೊಣಕೈವರೆಗೆ ತೋಳು ಬಂದರೆ ಅದೇ ಹೆಚ್ಚು. ಉದ್ದ ತೋಳಿಗೆ ಅದು ಸಾಲದು. ಅಮ್ಮ ಅಂಗಡಿಯ ಹುಡುಗಿಯ ಕಿವಿಯಲ್ಲಿ ಹೇಳುವ ಹಾಗೆ, "ಇದೇ ಬಣ್ಣದ ಬಟ್ಟೆ ಇನ್ನರ್ಧ ಮೀಟರು ಸಿಕ್ತದಾ?" ಅಂದಳು. ಆ ಹುಡುಗಿ ಮಹಡಿಯ ಆ ತುದಿಗೆ ಕೇಳುವ ಹಾಗೆ ಕೂಗಿದಳು: "ಅಣ್ಣಾ, ಕಳಸಗಿತ್ತಿಗೆ ಫುಲ್ ತೋಳು ಅಂತೆ, ಈ ಹಳದಿಗೆ ಮ್ಯಾಚಿಂಗು ಅದಾ?"

ಇರಲಿಲ್ಲ. ಪಕ್ಕದ ಅಂಗಡಿಯಲ್ಲಿ ಇರಬಹುದು, ತರಿಸುತ್ತೇವೆ ಅಂತ ಆ ಅಣ್ಣ ಸೀರೆಯ ಮೂಲೆಯಿಂದ ಎರಡು ನೂಲು ಕಿತ್ತುಕೊಂಡು ಹೋದರು. ಐದು ಹೆಂಗಸರು ಬಿಳಿ ಹಾಸಿನ ಮೇಲೆ ಕಾಯುತ್ತ ಕೂತೆವು. ಸೀರೆ ಇನ್ನೂ ನನ್ನ ಮೈಮೇಲೇ ಇತ್ತು. ಬೆನ್ನಲ್ಲಿ ಬೆವರು ಇಳಿಯುತ್ತಿತ್ತು.

"ಯಾಕಂಗೆ ಉದ್ದ ತೋಳು?" ಭಾವನ ಅಕ್ಕ ಬಿಡಲಿಲ್ಲ. "ವೈಶಾಖದ ಮದ್ವೆ. ಕಳಸ ಇಡ್ಕೊಂಡು ಒಂದ್ ಗಂಟೆ ನಿಲ್ಬೇಕು. ಬೆಂದೋಗ್ತಾಳೆ."

"ಈಗ ಅದೇ ಫ್ಯಾಸನ್ನು," ಅಂದಳು ಅಮ್ಮ.

"ಎಲ್ಲಿ ಫ್ಯಾಸನ್ನು? ಎಲ್ಲಾ ತೋಳೇ ಇಲ್ದಂಗೆ ಒಲಿಸ್ತಾರೆ ಈಗ."

ಆಗ ಭಾವನ ತಾಯಿ ಮೊದಲ ಸಲ ಬಾಯಿ ಬಿಟ್ಟರು. "ಕೈಗೇನಾದ್ರೂ ಆಗಿತ್ತಾ ಮಗೀಗೆ?"

ಕೆಟ್ಟ ದನಿಯಲ್ಲಿ ಕೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅಮ್ಮ ತನ್ನ ಕೈಯನ್ನೇ ಸೆರಗಿನೊಳಗೆ ಎಳೆದುಕೊಂಡಳು. ಆಮೇಲೆ ಹೇಳಿದಳು. ಎಲ್ಲಿಂದ ಹೊಳೆಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

"ಚಿಕ್ಕೋಳಿದ್ದಾಗ ಅವ್ರ ಮಾವನ ಆಲೆಮನೇಲಿ ಬೆಲ್ಲದ ಪಾಕ ಬಿದ್ಬುಡ್ತು ಕಣವ್ವ. ಎರಡು ಕೈಗೂ. ಕಲೆ ಉಳ್ಕೊಂಡದೆ. ಅದ್ಕೇ ಉಡ್ಗಿ ನಾಚ್ಕೋತಾಳೆ."

ಅಕ್ಕ ತಲೆ ತಗ್ಗಿಸಿದಳು. ನಾನು ಅಮ್ಮನನ್ನೇ ನೋಡುತ್ತಿದ್ದೆ. ಕಬ್ಬು ಬೆಳೆಯುವ ಸೀಮೆಯಲ್ಲಿ ಇದಕ್ಕಿಂತ ನಂಬುವಂಥ ಸುಳ್ಳು ಇನ್ನೊಂದಿಲ್ಲ. ಸುಟ್ಟ ಕಲೆಗೆ ಯಾರೂ ಸಂಬಂಧ ಮುರಿಯುವುದಿಲ್ಲ. ಅದು ವಂಶದಲ್ಲಿ ಹರಿಯುವುದಿಲ್ಲ, ಮರುಕ ಹುಟ್ಟಿಸುತ್ತದೆ. ಅಮ್ಮ ಜಾಣೆ. ಆದರೆ ಅವಳ ಜಾಣತನ ಕೂತಿದ್ದು ಯಾರ ಮುಂದೆ ಅಂತ ಅವಳಿಗೆ ಗೊತ್ತಿರಲಿಲ್ಲ.

ಭಾವನ ತಾಯಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಎಡಗೈಯ ಬಳೆಗಳನ್ನು ಮೇಲಕ್ಕೆ ಸರಿಸಿ, ಸೆರಗು ಜರುಗಿಸಿ, ಕೈಯನ್ನು ನನ್ನ ಮುಂದೆ ಚಾಚಿದರು. ಹಿಂಗೈಯಿಂದ ಮೊಣಕೈವರೆಗೆ ಚರ್ಮ ಸುಕ್ಕುಸುಕ್ಕಾಗಿ ಜಗ್ಗಿಕೊಂಡಿತ್ತು. ಕಿರುಬೆರಳು ಪಕ್ಕದ ಬೆರಳಿಗೆ ಅಂಟಿಕೊಂಡ ಹಾಗೆ ಬಗ್ಗಿತ್ತು. ಒಪ್ಪಂದದ ದಿನ ಈ ಕೈಯನ್ನೂ ಸೇರಿಸಿ, ಎರಡೂ ಕೈಯಲ್ಲಿ ನನಗೆ ಹೂವು ಕೊಟ್ಟಿದ್ದರು. ನಾನು ಗಮನಿಸಿರಲಿಲ್ಲ. ನಾನು ನನ್ನ ಕೈ ಮುಚ್ಚುವುದರಲ್ಲಿದ್ದೆ.

"ನಮ್ಮಪ್ಪನ ಮನೆ ಪೂರಿಗಾಲೀಲಿ ಆಲೆಮನೆ ಇತ್ತು. ನಂಗೂ ಪಾಕ ಬಿದ್ದಿದ್ದೇಯ," ಅಂದರು. "ಒಂದು ಎಣ್ಣೆ ಅದೆ. ನಂಗೆ ಉರಿ, ಕಡಿತ ಎಲ್ಲಾ ಓದದ್ದು ಅದ್ರಿಂದ್ಲೇ. ತೋರ್ಸವ್ವ, ಎಷ್ಟು ಬಿದ್ದದೆ ನೋಡ್ತೀನಿ."

"ಬ್ಯಾಡ ಬುಡಿ, ಅಳೇದು," ಅಂದಳು ಅಮ್ಮ.

"ಅಳೇದಾದ್ರೂ ನೋಡಣ." ಅವರು ನನ್ನ ಬೆರಳು ಹಿಡಿದು ತಿರುಗಿಸಿ ನೋಡಿದರು. ಹುಬ್ಬು ಕೂಡಿತು. "ಪಾಕ ನೀರಂಗೆ ಅರ್ದು ಓಗಲ್ಲ, ಅಂಟ್ಕೊತದೆ. ಬೆರಳಿಗೆ ಒಂದ್ ತೊಟ್ಟೂ ತಾಕ್ದೆ ಎರಡು ಕೈ ಮ್ಯಾಲೂ ಎಂಗ್ ಬಿತ್ತು?"

ಅವರ ಸುಟ್ಟ ಕೈ ನನ್ನ ಬೆರಳನ್ನು ಹಿಡಿದೇ ಇತ್ತು, ಒರಟಾಗಿ, ಬೆಚ್ಚಗೆ. ಅಮ್ಮ ಮುಂದಿನ ಸುಳ್ಳು ಹುಡುಕುತ್ತಿದ್ದಾಳೆ ಅಂತ ಅವಳ ಕಣ್ಣಲ್ಲಿ ಕಾಣುತ್ತಿತ್ತು. ಆ ಸುಳ್ಳಿನ ಮೇಲೆ ಇವರು ಎಣ್ಣೆ ಕಳಿಸುತ್ತಾರೆ, ನಾನು ಹಚ್ಚಿಕೊಂಡೆ ಅನ್ನಬೇಕು, ಮದುವೆಯಾದ ಮೇಲೆ ಹಬ್ಬಕ್ಕೆ ಹೋದಾಗ ತೋರಿಸು ಅನ್ನುತ್ತಾರೆ, ಸಾಯುವವರೆಗೂ ನಾನು ಅಕ್ಕನ ಮನೆಗೆ ಗುಂಡಿ ಹಾಕಿಕೊಂಡೇ ಹೋಗಬೇಕು. ನನಗೆ ರೇಗಿತು. ಸುಳ್ಳು ಹೇಳಿದ ಅಮ್ಮನ ಮೇಲೂ, ತಲೆ ತಗ್ಗಿಸಿ ಕೂತ ಅಕ್ಕನ ಮೇಲೂ. ನಾನು ಬಲಗೈಯ ಗುಂಡಿ ಬಿಚ್ಚಿದೆ. ತೋಳನ್ನು ಮೊಣಕೈ ದಾಟಿಸಿ ಮೇಲಕ್ಕೆ ಎಳೆದೆ. ಆಮೇಲೆ ಎಡಗೈಯದನ್ನೂ.

ಅಕ್ಕ ನನ್ನ ಮಣಿಕಟ್ಟು ಹಿಡಿದು ಬಟ್ಟೆಯನ್ನು ಕೆಳಗೆಳೆಯಲು ನೋಡಿದಳು. ಅವಳ ಉಗುರು ನನಗೆ ಚುಚ್ಚಿತು. ನಾನು ಕೈ ಕೊಡವಿದೆ.

"ಪಾಕ ಅಲ್ಲ ಅತ್ತೆ," ಅಂದೆ. "ತೊನ್ನು."

ನಮ್ಮ ಮನೆಯವರ ಬಾಯಲ್ಲಿ ಆ ಮಾತು ಬಂದಿದ್ದು ಅದೇ ಮೊದಲು.

ಭಾವನ ಅಕ್ಕ ಹಿಂದಕ್ಕೆ ಸರಿದು ಬ್ಯಾಗು ಎತ್ತಿಕೊಂಡರು. "ಅಮ್ಮ, ಏಳು. ಓಗಣ. ಫೋನ್ ಮಾಡ್ತೀನಿ ಅವ್ನಿಗೆ."

"ಕೂತ್ಕೊ."

"ಏನ್ ಕೂತ್ಕೊಳ್ಳೋದು? ಇಷ್ಟ್ ದಿನ ಮುಚ್ಚಿ..."

"ಕೂತ್ಕೊ ಅಂದ್ನಲ್ಲ. ಅವ್ನು ಪಾಠ ಮಾಡ್ತಿರ್ತಾನೆ." ಭಾವನ ತಾಯಿ ಕನ್ನಡಕ ಹಾಕಿಕೊಂಡು ನನ್ನ ಎರಡೂ ಕೈಗಳನ್ನು ತಿರುವಿ ತಿರುವಿ ನೋಡಿದರು. ಎಷ್ಟು ಹೊತ್ತು ನೋಡಿದರೋ. ಅಕ್ಕನ ಕುಂಕುಮ ಬಣ್ಣದ ಸೀರೆ ಮಡಿಸದೆ ಪಕ್ಕದಲ್ಲೇ ಬಿದ್ದಿತ್ತು. ಅಕ್ಕ ಅದನ್ನೇ ನೋಡುತ್ತಿದ್ದಳು. ನನಗೆ ಆಗ ಭಯ ಶುರುವಾಯಿತು. ಅಲ್ಲಿಯವರೆಗೆ ಸಿಟ್ಟಿತ್ತು, ಈಗ ಅದು ಇಳಿದಿತ್ತು. ಮೂರನೆಯ ಸಂಬಂಧವನ್ನು ನಾನೇ ಕೈಯಾರೆ ಕಳೆದೆ ಅಂದುಕೊಂಡೆ.

ಅವರು ಅಮ್ಮನ ಕಡೆ ತಿರುಗಿದರು. "ಮುಂಚೇನೇ ಯಾಕೆ ಏಳ್ನಿಲ್ಲ?"

ಅಮ್ಮ ಅಳುತ್ತಿದ್ದಳು. "ಸಾವಿರ ಸುಳ್ಳು ಏಳಿ ಒಂದು ಮದ್ವೆ ಮಾಡು ಅಂತಾರಲ್ಲವ್ವ. ಎಣ್ ಎತ್ತೋಳು ನಾನು."

"ಸಾವಿರದಾಗೆ ನಿಮ್ಗೆ ಇದೇ ಸಿಕ್ತಾ? ನನ್ ಕೈ ಮುಂದೆ ಕೂತ್ಕೊಂಡು ಪಾಕದ ಕಥೆ ಏಳ್ತೀರಲ್ಲ. ಈ ಕೈ ನೋಡಿ ನನ್ನೂ ಇಬ್ರು ಬ್ಯಾಡ ಅಂದು ಎದ್ದೋದ್ರು. ನಮ್ಮಪ್ಪ ಮುಚ್ಚಿಡ್ನಿಲ್ಲ. ಬೇಕಾದೋನು ಬತ್ತಾನೆ ಬುಡು ಅಂದ." ಅವರ ದನಿ ಗಡುಸಾಗಿತ್ತು. ಅದರಲ್ಲಿ ಕ್ಷಮೆ ಇರಲಿಲ್ಲ. ಆವತ್ತಿನಿಂದ ಮದುವೆ ಮುಗಿಯುವವರೆಗೂ ಅವರು ಅಮ್ಮನ ಜೊತೆ ಬೇಕಾದಷ್ಟಕ್ಕಿಂತ ಒಂದು ಮಾತೂ ಹೆಚ್ಚಾಗಿ ಆಡಲಿಲ್ಲ.

ಆಮೇಲೆ ಅಕ್ಕನನ್ನು ಕೇಳಿದರು. "ನನ್ ಮಗನಿಗೆ ಗ್ವತ್ತಾ?"

"ಇಲ್ಲ," ಅಂದಳು ಅಕ್ಕ.

"ಸಂಜೆ ಫೋನ್ ಮಾಡಿ ನೀನೇ ಏಳು. ನಾನ್ ಏಳಲ್ಲ." ಆಮೇಲೆ ನನ್ನ ಕೈ ತೋರಿಸಿದರು. "ಇವ್ಳು ಕಳಸ ಇಡ್ಕೊಂಡು ನಿನ್ ಪಕ್ಕ ನಿಲ್ತಾಳೆ. ಇಂಗೇ, ಈ ಕೈಯಲ್ಲೇ. ಎಲ್ಲಾರೂ ನೋಡ್ತಾರೆ. ನಿಂಗೆ ಒಪ್ಗೆಯಾ?"

ಈ ಪ್ರಶ್ನೆಗೆ ಅಕ್ಕ ತಟ್ಟನೆ ಹೂಂ ಅನ್ನುತ್ತಾಳೆ ಅಂತ ನಾನು ಅಂದುಕೊಂಡಿದ್ದೆ. ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರು ನಾವು. ನನ್ನ ಕೈಗೆ ಔಷಧಿ ಹಚ್ಚಿ ಹಚ್ಚಿ ಅವಳ ಬೆರಳು ಹಸಿರಾಗಿದ್ದ ದಿನಗಳಿದ್ದವು. ಅಕ್ಕ ನನ್ನ ಕೈ ನೋಡಿದಳು, ಭಾವನ ತಾಯಿಯ ಮುಖ ನೋಡಿದಳು, ಭಾವನ ಅಕ್ಕನ ಮುಖ ನೋಡಿದಳು. ಆಮೇಲೆ ಹೇಳಿದಳು: "ನಿಮ್ಗೆ ಒಪ್ಗೆ ಆದ್ರೆ..."

"ನನ್ ಮಾತಿರ್ಲಿ. ನಾನು ನಿನ್ನ ಕೇಳ್ದೆ."

"ಹೂಂ," ಅಂದಳು ಅಕ್ಕ. ಬಹಳ ಸಣ್ಣಗೆ.

ಅಷ್ಟೊತ್ತಿಗೆ ಅಂಗಡಿಯ ಅಣ್ಣ ಮೆಟ್ಟಿಲು ಹತ್ತಿ ಬಂದರು, ಕೈಯಲ್ಲಿ ಹಳದಿ ಬಟ್ಟೆ, ಮುಖದಲ್ಲಿ ಗೆದ್ದ ನಗು. "ಸಿಕ್ತು ಅಕ್ಕೋರೆ, ಪಕ್ಕಾ ಮ್ಯಾಚಿಂಗು!" ನಮ್ಮ ಮುಖಗಳನ್ನು ನೋಡಿ ಅವರ ನಗು ಹಾಗೇ ನಿಂತಿತು.

ಭಾವನ ತಾಯಿ ನನ್ನ ಹೆಗಲ ಮೇಲಿದ್ದ ಹಳದಿ ಸೀರೆಯ ಅಂಚನ್ನು ತೆಗೆದು ನನ್ನ ಬರಿಗೈ ಮೇಲೆ ಹರಡಿದರು. ಕಂದು ಚರ್ಮದ ಮೇಲೆ ಸ್ವಲ್ಪ, ಬಿಳಿ ಮಚ್ಚೆಯ ಮೇಲೆ ಸ್ವಲ್ಪ. ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. "ಈ ಅಳದಿ ಇವ್ಳಿಗೆ ಮಾಸ್ಲಾಗಿ ಕಾಣ್ತದೆ. ತೆಗಿಯಪ್ಪ ಇದ್ನ. ಬ್ಯಾರೆ ಬಣ್ಣ ತೋರ್ಸು, ಸ್ವಲ್ಪ ಗಾಢವಾಗಿರ್ಲಿ. ಆ ಬಟ್ಟೆ ತುಂಡೂ ವಾಪಸ್ ಕೊಟ್ಬುಡು. ಗಿಡ್ಡ ತೋಳು ಒಲಿಸ್ತೀವಿ."

ಮತ್ತೆ ಕಪಾಟು ಇಳಿಯಿತು. ಒಂದೊಂದು ಸೀರೆಯನ್ನೂ ಅವರು ನನ್ನ ಕೈ ಮೇಲೆಯೇ ಇಟ್ಟು ನೋಡಿದರು. ಕೆಂಪು ಬೇಡ ಅಂದರು, ತಿಳಿಗುಲಾಬಿ ಬೇಡವೇ ಬೇಡ ಅಂದರು. ನವಿಲು ಬಣ್ಣದ್ದೊಂದು ಬಂದಾಗ ತಲೆಯಾಡಿಸಿದರು. ಅಂಗಡಿಯ ಹುಡುಗಿ ನನ್ನ ಕೈಯನ್ನು ನೋಡಿಯೂ ನೋಡದ ಹಾಗೆ ನೆರಿಗೆ ಹಿಡಿದಳು. ಕನ್ನಡಿಯಲ್ಲಿ ನಾನು ಚೆನ್ನಾಗಿ ಕಂಡೆ. ನನಗೆ ಖುಷಿಯಾಗಬೇಕಿತ್ತು. ಆದರೆ 'ನಿಮ್ಗೆ ಒಪ್ಗೆ ಆದ್ರೆ' ಅನ್ನುವ ಮಾತು ಮೀನಿನ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಗುತ್ತಲಿಗೆ ವಾಪಸ್ಸು ಬರುವಾಗ ಆಟೋದಲ್ಲಿ ಅಮ್ಮ, "ನನ್ ಮಾನ ತೆಗೆದೆ ನೀನು," ಅಂದಳು. ಸಂಜೆ ಅಕ್ಕ ಮಹಡಿಗೆ ಹೋಗಿ ಫೋನು ಮಾಡಿದಳು. ಕೆಳಗೆ ನಾವಿಬ್ಬರೂ ಟೀವಿ ಹಾಕಿಕೊಂಡು ಅದರ ದನಿ ಪೂರ್ತಿ ತಗ್ಗಿಸಿ ಕೂತಿದ್ದೆವು. ಮೇಲಿನಿಂದ ಒಂದು ಮಾತೂ ಕೇಳುತ್ತಿರಲಿಲ್ಲ. ಅಕ್ಕ ಇಳಿದು ಬಂದಾಗ ಅವಳ ಕಣ್ಣು ಕೆಂಪಾಗಿತ್ತು. ಅಮ್ಮ ಗೋಡೆ ಹಿಡಿದು ಎದ್ದಳು.

"ಆಯ್ತಂತೆ," ಅಂದಳು ಅಕ್ಕ. "ಮುಂಚೇನೇ ಏಳ್ಬೋದಾಗಿತ್ತಲ್ಲ ಅಂದ್ರು. ಅಷ್ಟೇ."

ಅಮ್ಮ ದೇವರ ಮನೆಗೆ ಹೋದಳು. ಅಕ್ಕ ಬಂದು ನನ್ನ ಪಕ್ಕ ಕೂತಳು. ನಾನು ಟೀವಿ ನೋಡುತ್ತಿದ್ದೆ.

"ನೀನು ಗುಂಡಿ ಬಿಚ್ಚಿದಾಗ," ಅಂದಳು, "ನನ್ ಮದ್ವೆ ಮುರಿಯೋಕೇ ಬಿಚ್ಚಿದೆ ಅಂದ್ಕೊಂಡೆ ಕಣೇ."

ನಾನು ಅವಳ ಕಡೆ ತಿರುಗಿದೆ. ಅವಳು ಹುಡುಗಾಟಕ್ಕೆ ಹೇಳುತ್ತಿರಲಿಲ್ಲ. ಇಷ್ಟು ವರ್ಷ ಜೊತೆಗಿದ್ದು ನನ್ನ ಬಗ್ಗೆ ಹೀಗೆ ಅಂದುಕೊಂಡಳಲ್ಲ ಅಂತ ನನಗೆ ಎಷ್ಟು ನೋವಾಯಿತೆಂದರೆ ಜಗಳವಾಡಲೂ ಆಗಲಿಲ್ಲ. "ಅಲ್ಲ," ಅಂದೆ. ಅವಳು ಹೂಂ ಅಂದಳು. ನಂಬಿದಳೋ ಇಲ್ಲವೋ. ಮದುವೆಯವರೆಗಿನ ದಿನಗಳಲ್ಲಿ ನಾವು ಅರಿಶಿನ, ಬಳೆ, ಪತ್ರಿಕೆ ಹಂಚುವುದು, ಎಲ್ಲದರ ಬಗ್ಗೆ ಮಾತಾಡಿದೆವು. ಇದೊಂದರ ಬಗ್ಗೆ ಮಾತಾಡಲಿಲ್ಲ.

ಮದುವೆ ಮಳವಳ್ಳಿಯ ಛತ್ರದಲ್ಲಿ. ನವಿಲು ಬಣ್ಣದ ಸೀರೆ, ಗಿಡ್ಡ ತೋಳಿನ ರವಿಕೆ, ಎರಡೂ ಕೈಗೆ ಹಸಿರು ಬಳೆ. ವೇದಿಕೆ ಹತ್ತಿದ ಕೂಡಲೇ ಮುಂದಿನ ಸಾಲಿನ ಹೆಂಗಸರ ತಲೆಗಳು ಒಂದರ ಕಡೆ ಒಂದು ವಾಲಿದವು. ನನಗೆ ಕೇಳುವ ಅಗತ್ಯವಿರಲಿಲ್ಲ, ಏನು ಹೇಳುತ್ತಿದ್ದಾರೆ ಅಂತ ಗೊತ್ತಿತ್ತು. ಫೋಟೋದವನು ಎರಡು ಸಲ ಬಂದು, "ಮೇಡಂ, ಸ್ವಲ್ಪ ಹಿಂದೆ ನಿಲ್ತೀರಾ?" ಅಂದ. ನಾನು ನಿಂತಲ್ಲೇ ನಿಂತೆ. ಅಕ್ಕ ಎತ್ತರದ ಮಣೆಯ ಮೇಲೆ ಬಾಸಿಂಗ ಕಟ್ಟಿಕೊಂಡು ನೆಟ್ಟಗೆ ಕೂತಿದ್ದಳು. ನನ್ನ ಕಡೆ ನೋಡುವ ಹಾಗಿರಲಿಲ್ಲ.

ನೀರು ತುಂಬಿದ ಕಳಸ, ಮೇಲೆ ತೆಂಗಿನಕಾಯಿ. ಮೊದಲು ಹಗುರ. ಪುರೋಹಿತರ ಮಂತ್ರ ಉದ್ದವಾದ ಹಾಗೆ ಭಾರವಾಗುತ್ತದೆ. ಇಳಿಸುವ ಹಾಗಿಲ್ಲ. ಮುಂದಿನ ಸಾಲಿನ ಕಣ್ಣುಗಳೆಲ್ಲ ನನ್ನ ಕೈ ಮೇಲೆಯೇ ಇದ್ದವು. ಅದಕ್ಕೇ ಇರಬೇಕು, ಕೈ ಇನ್ನೂ ಬೇಗ ಸೋತು ನಡುಗಲು ಶುರುವಾಯಿತು. ಕಳಸದೊಳಗಿನ ನೀರು ಅಲ್ಲಾಡಿ ಅಕ್ಕನ ಸೀರೆಯ ಮೇಲೆ ನಾಲ್ಕು ಹನಿ ಬಿತ್ತು. ಕಳಸ ಬಿದ್ದುಹೋದರೆ ಅಪಶಕುನ ಅಂತ ಸಾಯುವವರೆಗೂ ಹೇಳುತ್ತಾರೆ, ಅದೂ ಈ ಕೈಯಿಂದ ಬಿದ್ದರೆ ಇನ್ನೇನು ಹೇಳುತ್ತಾರೋ.

ಅಕ್ಕ ಕೂತಲ್ಲೇ ಎಡಕ್ಕೆ ಸರಿದಳು. ಹೆಣ್ಣು ಮಣೆಯ ಮೇಲೆ ಅಲುಗಾಡಬಾರದು, ಪುರೋಹಿತರು ಮಂತ್ರದ ನಡುವೆಯೇ ಕಣ್ಣು ಬಿಟ್ಟರು. ಅವಳು ಇನ್ನೂ ಸರಿದು, ತನ್ನ ಹೆಗಲನ್ನು ನನ್ನ ಮೊಣಕೈ ಕೆಳಗೆ ತಂದು ಮೇಲಕ್ಕೆ ಒತ್ತಿದಳು. ನನ್ನ ಕೈ ಅವಳ ಕುತ್ತಿಗೆಗೆ, ಕೆನ್ನೆಗೆ ತಾಗಿತು. ಬಿಳಿ ಮಚ್ಚೆಯೇ ತಾಗಿದ್ದು. ಅವಳು ಮುಖ ತಿರುಗಿಸಿ ಕೆನ್ನೆಯನ್ನು ಅಲ್ಲೇ ಆನಿಸಿ ಕೂತಳು, ಇಡೀ ಛತ್ರ ನೋಡುತ್ತಿರುವ ಹಾಗೆಯೇ.

"ಬುಡಮ್ಮ ಭಾರಾನ, ನಾನ್ ಇಡ್ಕೊಂಡಿವ್ನಿ," ಅಂದಳು.

ನನಗೆ ಅಳು ನುಗ್ಗಿ ಬಂತು. ಹಿಂದೆ ನಿಂತಿದ್ದ ಅವಳ ಅತ್ತೆ ನನ್ನ ಬೆನ್ನಿಗೆ ತಿವಿದು, "ಅಳೋದು ಎಣ್ಣಿನ ಕೆಲ್ಸ ಕಣಮ್ಮ, ಕಳಸಗಿತ್ತೀದಲ್ಲ. ನೆಟ್ಗೆ ಇಡ್ಕೊ," ಅಂತ ಗದರಿದರು. ತಾಳಿಯ ಕೊನೆಯ ಗಂಟು ಬೀಳುವವರೆಗೂ ಅಕ್ಕ ಹೆಗಲು ತೆಗೆಯಲಿಲ್ಲ.